ನಿಂತ ವಿಂಡ್‌ಮಿಲ್‌ನ ಬ್ಲೇಡ್ ಗಾಳಿಗೆ ನಡುಗುತ್ತದೆ: ಇದು ರೆಸೊನೆನ್ಸಾ, ಫ್ಲಟರಾ?

ಸಂಖ್ ಟವರ್, ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಜತ್ತ ತಾಲೂಕಿನಲ್ಲಿ ವಿಂಡ್‌ಮಿಲ್ ಮೇಂಟೆನೆನ್ಸ್ ಕೆಲಸ ಮಾಡುತ್ತೇನೆ. ಊರಿನ ಕನ್ನಡ ಶಾಲೆಯಲ್ಲಿ ಓದಿ ಆಮೇಲೆ ಐಟಿಐ ಮಾಡಿದವನು. ಕೆಲಸದ ಟ್ರೇನಿಂಗ್ ಎಲ್ಲ ಹಿಂದಿ, ಮರಾಠಿಯಲ್ಲಿ ಆಗುತ್ತದೆ. ಏನು ಮಾಡಬೇಕು ಅಂತ ಹೇಳುತ್ತಾರೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕಡೆ ಮಳೆ ಕಡಿಮೆ, ಗಾಳಿ ಜಾಸ್ತಿ. ಆಷಾಢದಲ್ಲಿ ಪಡುವಣ ಗಾಳಿ ಹಿಡಿದರೆ ಹಗಲು ರಾತ್ರಿ ಬಿಡುವುದಿಲ್ಲ. ನಮ್ಮ ಮಶೀನಿನ ಬ್ಲೇಡ್ ಸುಮಾರು 40 ಮೀಟರ್ ಉದ್ದ, ಪಿಚ್ ಆಗುವಂಥದ್ದು, ಅಂದರೆ ಬುಡದಲ್ಲಿ ತನ್ನ ಸುತ್ತ ತಿರುಗುವಂಥದ್ದು. ಈ ಸಲ ಜೋರು ಗಾಳಿಯಲ್ಲಿ ಲೈನ್ ಟ್ರಿಪ್ ಆಯಿತು. ಮಶೀನ್ ನಿಂತಿತು, ಮೂರೂ ಬ್ಲೇಡ್ ಫೆದರ್‌ಗೆ ಹೋದವು, ಅಂದರೆ ಅಂಚನ್ನು ಗಾಳಿಗೆ ಕೊಟ್ಟು ನಿಂತವು. ನಿಲ್ಲುವಾಗ ಬ್ಲೇಡ್ ಚಪ್ಪಟೆ ದಿಕ್ಕಿಗೆ ಒಮ್ಮೆ ಜೋರಾಗಿ ಬಾಗಿ, ಒಂದೆರಡು ಸಲ ತೂಗಿ ಸುಮ್ಮನಾಯಿತು. ಅದು ಯಾವಾಗಲೂ ಹಾಗೇ.

ಆಮೇಲೆ ಗಾಳಿ ದಿಕ್ಕು ಬದಲಿಸಿತು. ಟವರ್ ತುದಿಯ ಮಶೀನ್ ಡಬ್ಬಿಗೆ ನೆಸೆಲ್ ಅಂತಾರೆ, ಅದನ್ನು ಗಾಳಿಯ ಕಡೆಗೆ ತಿರುಗಿಸುವುದು ಯಾ ಮೋಟರ್. ಕರೆಂಟ್ ಇಲ್ಲ ಅಂದರೆ ಯಾ ಮೋಟರ್ ಓಡುವುದಿಲ್ಲ, ನೆಸೆಲ್ ಮೊದಲಿದ್ದ ಕಡೆಗೇ ಮುಖ ಮಾಡಿ ನಿಂತಿತ್ತು. ಆಗ ನೆಟ್ಟಗೆ ಮೇಲೆ ನಿಂತ ಬ್ಲೇಡ್ ಅಂಚಿನ ದಿಕ್ಕಿಗೆ ನಡುಗಲು ಶುರು ಮಾಡಿತು. ಟವರ್‌ನ ಪಕ್ಕದಿಂದ ನೋಡಿದರೆ ತುದಿ ಹಿಂದೆ ಮುಂದೆ ಹೋಗುವುದು ಬರಿಗಣ್ಣಿಗೆ ಕಾಣುತ್ತಿತ್ತು. ಗಾಳಿ ಏರಿದಂತೆ ನಡುಕವೂ ಏರಿತು. ಒಳಗೆ ಟವರ್ ಏಣಿ ಮುಟ್ಟಿದರೆ ಕೈಗೆ ಗೊತ್ತಾಗುತ್ತಿತ್ತು. ಉಳಿದ ಎರಡು ಬ್ಲೇಡ್ ಅಷ್ಟು ಆಡಲಿಲ್ಲ.

ಒಬ್ಬ ಸೀನಿಯರ್ ಇದು ರೆಸೊನೆನ್ಸ್, ಗಾಳಿಯ ಸ್ಪೀಡ್ ಮ್ಯಾಚ್ ಆಗಿದೆ ಅಂತಾರೆ. ಇನ್ನೊಬ್ಬರು ಫ್ಲಟರ್, ಬ್ಲೇಡ್ ಮುರಿಯುತ್ತದೆ, ಹತ್ತಿರ ನಿಲ್ಲಬೇಡ ಅಂತಾರೆ. ಯಾವುದು ಸರಿ? ಒಂದು ದಿಕ್ಕಿನ ತೂಗು ತಾನೇ ನಿಲ್ಲುತ್ತದೆ, ಇನ್ನೊಂದು ದಿಕ್ಕಿನದು ಬೆಳೆಯುತ್ತದೆ, ಗಾಳಿ ಮಾತ್ರ ಒಂದೇ. ಇದು ಹೇಗೆ?

ಅಕ್ಕಲಕೋಟ ಇಲೆಕ್ಟ್ರಿಕಲ್

ಅಣ್ಣಾ, ನಿಮ್ಮ ಸೀನಿಯರ್ ಹೇಳಿದ್ದೇ ಸರಿ ಇರಬೇಕು. ನಮ್ಮ ಡಿಪ್ಲೊಮಾ ಪುಸ್ತಕದಲ್ಲಿ ಅಮೆರಿಕದ ಟಕೋಮಾ ಸೇತುವೆಯ ಉದಾಹರಣೆ ಇತ್ತು. ಗಾಳಿಯ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸಲ ಅನ್ನುವುದು), ಸೇತುವೆಯ ಫ್ರೀಕ್ವೆನ್ಸಿ ಒಂದಾಗಿ ಬಿದ್ದುಹೋಯಿತು ಅಂತ. ಗಾಳಿ ಸ್ಪೀಡ್ ಬದಲಾದರೆ ತಾನೇ ನಿಲ್ಲುತ್ತದೆ.

ಪೆರ್ಲ ತೋಟ, ಕಾಸರಗೋಡು

ನಾನು ಬೆಂಗಳೂರಿನಲ್ಲಿ ವಿಮಾನದ ರೆಕ್ಕೆ, ಬಾಲಗಳ ಕಂಪನ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಬಹಳ ವರ್ಷ ಇದ್ದೆ. ಈಗ ಊರಿಗೆ ಬಂದು ತೋಟ ನೋಡಿಕೊಳ್ಳುತ್ತಿದ್ದೇನೆ. ಸಂಖ್‌ನವರೇ, ನೀವು ನೋಡಿದ್ದನ್ನು ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂದರೆ ಅರ್ಧ ಉತ್ತರ ಅದರಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಚಪ್ಪಟೆ ದಿಕ್ಕಿನದು. ಗಾಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬ್ಲೇಡಿನ ಅಂಚಿಗೆ ನೇರ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಬ್ಲೇಡ್ ಅದಕ್ಕೆ ಅಡ್ಡಲಾಗಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಸರಿಯಿತು. ಆಗ ಬ್ಲೇಡಿನ ಲೆಕ್ಕದಲ್ಲಿ ಗಾಳಿ ನೇರ ಬರುವುದಿಲ್ಲ, ಸುಮಾರು 3 ಡಿಗ್ರಿ ಓರೆಯಾಗಿ ಬರುತ್ತದೆ. ಆ 3 ಡಿಗ್ರಿಗೆ ಲಿಫ್ಟ್ (ಗಾಳಿ ಬ್ಲೇಡನ್ನು ಅಡ್ಡಕ್ಕೆ ತಳ್ಳುವ ಬಲ) ಬದಲಾಗುತ್ತದೆ, ಮತ್ತು ಬದಲಾಗುವುದು ಬ್ಲೇಡ್ ಹೋಗುತ್ತಿರುವ ದಿಕ್ಕಿಗೆ ಎದುರಾಗಿ. ಬ್ಲೇಡ್ ಎಡಕ್ಕೆ ಸರಿದರೆ ಗಾಳಿ ಬಲಕ್ಕೆ ತಳ್ಳುತ್ತದೆ, ಬಲಕ್ಕೆ ಸರಿದರೆ ಎಡಕ್ಕೆ. ಬ್ಲೇಡಿನ ಅಗಲ ಒಂದೂವರೆ ಮೀಟರ್ ಇರುವ ಜಾಗದಲ್ಲಿ ಈ ತಡೆ ಪ್ರತಿ ಮೀಟರ್ ಉದ್ದಕ್ಕೆ 10 ಕೆಜಿ ತೂಕದ ಆಸುಪಾಸು ಬರುತ್ತದೆ. ಇದೇ ಗಾಳಿ ಕೊಡುವ ಡ್ಯಾಂಪಿಂಗ್. ಎಲ್ಲೂ ಒಂದು ಡ್ಯಾಂಪರ್ ಕೂರಿಸದೆ ಸಿಗುವ ಬ್ರೇಕ್ ಇದು.

ಈಗ ಅಂಚಿನ ದಿಕ್ಕು. ಬ್ಲೇಡ್ ಗಾಳಿಯ ಸಾಲಿನಲ್ಲೇ ಅದೇ 1 ಮೀಟರ್ ವೇಗದಲ್ಲಿ ಮುಂದೆ ಸರಿಯಿತು. ಗಾಳಿ 20ರ ಬದಲು 21 ಆಯಿತು, ಅಷ್ಟೇ. ಕೋನ ಬದಲಾಗಲಿಲ್ಲ. ಹೆಚ್ಚಾಗುವುದು ಡ್ರ್ಯಾಗ್ ಮಾತ್ರ, ಅಂದರೆ ಗಾಳಿ ಹೋಗುವ ಕಡೆಗೇ ಎಳೆಯುವ ಬಲ. ನುಣುಪಾದ ಬ್ಲೇಡಿಗೆ ಡ್ರ್ಯಾಗ್ ತೀರಾ ಕಡಿಮೆ, ಕೋಎಫಿಶಿಯೆಂಟ್ 0.01ರ ಹತ್ತಿರ. ಅದೇ ಒಂದು ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ ತಡೆ 35 ಗ್ರಾಂ ತೂಕದಷ್ಟು. ಅಲ್ಲಿ 10 ಕೆಜಿ, ಇಲ್ಲಿ 35 ಗ್ರಾಂ. ಮುನ್ನೂರು ಪಟ್ಟು ವ್ಯತ್ಯಾಸ.

ಹಾಗಾಗಿ ಅಂಚಿನ ದಿಕ್ಕಿನಲ್ಲಿ ಬ್ಲೇಡನ್ನು ನಿಲ್ಲಿಸಬೇಕಾದದ್ದು ಅದರ ಫೈಬರ್‌ಗ್ಲಾಸ್ ಮೈಯೇ. ಅದರ ಸ್ವಂತ ಡ್ಯಾಂಪಿಂಗ್ ಬಹಳ ಸಣ್ಣದು, ಕ್ರಿಟಿಕಲ್ ಡ್ಯಾಂಪಿಂಗ್‌ನ ಅರ್ಧ ಪರ್ಸೆಂಟ್ ಅಷ್ಟು. (ಒಂದು ಸಲವೂ ತೂಗದೆ ನಿಲ್ಲಿಸಲು ಬೇಕಾಗುವ ಡ್ಯಾಂಪಿಂಗೇ ಕ್ರಿಟಿಕಲ್.) ಅರ್ಧ ಪರ್ಸೆಂಟ್ ಅಂದರೆ ತೂಗಿನ ಅಳತೆ ಅರ್ಧಕ್ಕೆ ಇಳಿಯಲು ಸುಮಾರು 22 ತೂಗು ಬೇಕು. ಚಪ್ಪಟೆ ದಿಕ್ಕಿನಲ್ಲಿ ಗಾಳಿಯೂ ಸೇರಿ 10 ಪರ್ಸೆಂಟ್ ಆಸುಪಾಸು ಆದರೆ ಪ್ರತಿ ತೂಗಿಗೂ ಅರ್ಧದಷ್ಟು ಕಳೆಯುತ್ತದೆ. ಒಂದೆರಡು ಸಲ ತೂಗಿ ಸುಮ್ಮನಾಯಿತು ಅಂತ ನೀವು ಬರೆದದ್ದು ಇದೇ.

ಇಷ್ಟರವರೆಗೆ ಗಾಳಿ ಏನನ್ನೂ ಕೊಡುತ್ತಿಲ್ಲ. ಒಂದು ದಿಕ್ಕಿನಲ್ಲಿ ಜಾಸ್ತಿ ಕಿತ್ತುಕೊಳ್ಳುತ್ತದೆ, ಇನ್ನೊಂದರಲ್ಲಿ ಕಡಿಮೆ. ಕೊಡಲು ಶುರು ಮಾಡುವುದು ಸ್ಟಾಲ್ ಆದ ಮೇಲೆ. ಗಾಳಿ ಸುಮಾರು 12–15 ಡಿಗ್ರಿ ಓರೆಯಾಗುವವರೆಗೆ ಬ್ಲೇಡಿಗೆ ಅಂಟಿಕೊಂಡು ಹರಿಯುತ್ತದೆ, ಕೋನ ಏರಿದಷ್ಟೂ ಲಿಫ್ಟ್ ಏರುತ್ತದೆ. ಅದಕ್ಕಿಂತ ಓರೆಯಾದರೆ ಹರಿವು ಮೈಯಿಂದ ಕಿತ್ತುಹೋಗುತ್ತದೆ, ಇದೇ ಸ್ಟಾಲ್. ಆಗ ಕೋನ ಏರಿದರೆ ಲಿಫ್ಟ್ ಇಳಿಯುತ್ತದೆ. ಮೇಲೆ ನಾನು ಹೇಳಿದ ತಡೆಯ ಲೆಕ್ಕದಲ್ಲಿ ಚಿಹ್ನೆ ತಿರುಗಿತು ನೋಡಿ. ಎಡಕ್ಕೆ ಸರಿದ ಬ್ಲೇಡನ್ನು ಗಾಳಿ ಈಗ ಎಡಕ್ಕೇ ತಳ್ಳುತ್ತದೆ. ಹಿಮ ಕಟ್ಟಿದ ಕರೆಂಟ್ ತಂತಿಗಳು ಗಾಳಿಗೆ ಮೇಲೆ ಕೆಳಗೆ ಹಾರುವುದಕ್ಕೆ ಡೆನ್ ಹಾರ್ಟಾಗ್ ಅನ್ನುವವರು 1930ರ ದಶಕದಲ್ಲಿ ಕೊಟ್ಟ ವಿವರಣೆ ಇದೇ: ಲಿಫ್ಟ್ ಇಳಿಯುವ ದರ ಡ್ರ್ಯಾಗ್‌ಗಿಂತ ಜಾಸ್ತಿಯಾದರೆ ಡ್ಯಾಂಪಿಂಗ್ ಮೈನಸ್ ಆಗುತ್ತದೆ.

ನಿಮ್ಮ ನೆಸೆಲ್ ಒಂದು ಕಡೆ, ಗಾಳಿ ಇನ್ನೊಂದು ಕಡೆ. ನೆಟ್ಟಗೆ ನಿಂತ ಬ್ಲೇಡಿಗೆ ಆ ದಿಕ್ಕಿನ ವ್ಯತ್ಯಾಸವೇ ಗಾಳಿಯ ಓರೆ. 30 ಡಿಗ್ರಿ ತಪ್ಪಿದ್ದರೆ 30 ಡಿಗ್ರಿ ಓರೆ, ಪೂರ್ತಿ ಸ್ಟಾಲ್. ಬ್ಲೇಡಿನ ಅಂಚಿನ ದಿಕ್ಕು ಈಗ ಗಾಳಿಯ ಸಾಲಿನಲ್ಲಿ ಇಲ್ಲ, ಅದರ ಚಲನೆಯ ಒಂದು ಭಾಗ ಗಾಳಿಗೆ ಅಡ್ಡ. ಆ ಭಾಗದಿಂದ ಪ್ರತಿ ತೂಗಿಗೂ ಒಂದಿಷ್ಟು ಶಕ್ತಿ ಒಳಗೆ ಬರುತ್ತದೆ. ಎದುರಿಗೆ ಇರುವುದು ಬರೀ ಅರ್ಧ ಪರ್ಸೆಂಟ್. ಸ್ವಲ್ಪ ಮೈನಸ್ ಆದರೂ ಸಾಕು, ನಡುಕ ಬೆಳೆಯುತ್ತದೆ. ಉಳಿದ ಎರಡು ಬ್ಲೇಡ್ ಓರೆಯಾಗಿ ಕೆಳಗೆ ನಿಂತಿರುತ್ತವೆ ಅಲ್ವಾ, ಅವಕ್ಕೆ ಗಾಳಿಯ ಒಂದು ಪಾಲು ಉದ್ದಕ್ಕೆ ಹರಿದುಹೋಗುತ್ತದೆ, ಕೋನವೂ ಬೇರೆ. ಅದಕ್ಕೇ ಅವು ಅಷ್ಟು ಆಡಲಿಲ್ಲ.

ರೆಸೊನೆನ್ಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ನಮ್ಮ ತೋಟದಲ್ಲಿ ಕಾಣುತ್ತದೆ. ಅಡಿಕೆ ಕೊಯ್ಯುವವರು ಕಾಲಿಗೆ ತಳೆ ಹಾಕಿ ಒಂದು ಮರ ಹತ್ತಿದರೆ ಇಳಿಯದೆ ಪಕ್ಕದ ಮರಕ್ಕೆ ಹೋಗುತ್ತಾರೆ. ಮರವನ್ನು ತೂಗಿಸಿ, ಅದು ಪಕ್ಕದ ಮರದ ಹತ್ತಿರ ಹೋದಾಗ ಕೈ ಹಾಕುತ್ತಾರೆ. ಅವರು ಯಾವ ಲೆಕ್ಕ ಹಿಡಿದೂ ತೂಗುವುದಿಲ್ಲ. ಮರ ಹೋಗುವ ಕಡೆಗೆ, ಅದು ಹೋಗುವಾಗಲೇ ಮೈ ಒಗೆಯುತ್ತಾರೆ. ತೆಳು ಮರ ನಿಧಾನ ತೂಗಿದರೆ ಅವರೂ ನಿಧಾನ. ನಿಲ್ಲಿಸಬೇಕಾದರೆ ಅದೇ ಮೈಯನ್ನು ಎದುರು ದಿಕ್ಕಿಗೆ ಒಗೆಯುತ್ತಾರೆ. ತಳ್ಳುವವರ ತಾಳ ಹೊರಗಿನಿಂದ ಬರುವುದಿಲ್ಲ, ಮರದ ತೂಗಿನಿಂದಲೇ ಬರುತ್ತದೆ. ಫ್ಲಟರ್ ಜಾತಿಯ ಕಂಪನವೆಲ್ಲ ಹೀಗೆ. ಬ್ಲೇಡ್ ಆಡಿದ್ದಕ್ಕೇ ಗಾಳಿಯ ಒತ್ತಡ ಬದಲಾಗುತ್ತದೆ, ಬ್ಲೇಡ್ ನಿಂತರೆ ಆ ಬದಲಾವಣೆಯೂ ಇಲ್ಲ. ಫ್ರೀಕ್ವೆನ್ಸಿ ಮ್ಯಾಚ್ ಆಯಿತಾ ಅಂತ ಕೇಳುವುದಕ್ಕಿಂತ, ಒಂದು ತೂಗು ಮುಗಿಯುವಷ್ಟರಲ್ಲಿ ಗಾಳಿ ಬ್ಲೇಡಿಗೆ ಶಕ್ತಿ ಕೊಟ್ಟಿತಾ, ಕಿತ್ತುಕೊಂಡಿತಾ ಅಂತ ಕೇಳಿ. ನಾನು ಇಡೀ ವೃತ್ತಿಯಲ್ಲಿ ಕೇಳುತ್ತಾ ಬಂದ ಪ್ರಶ್ನೆ ಅದೊಂದೇ.

ಅಕ್ಕಲಕೋಟದವರೇ, ಟಕೋಮಾದ ಮಾತು. ಆ ಪುಸ್ತಕ ನಾನೂ ಓದಿದ್ದೇನೆ, ಇವತ್ತಿಗೂ ಮಕ್ಕಳಿಗೆ ಅದನ್ನೇ ಕಲಿಸುವುದು ನೋಡಿ ಬೇಜಾರಾಗುತ್ತದೆ. ಸೇತುವೆ ಬಿದ್ದದ್ದು 1940ರ ನವೆಂಬರ್ 7ರಂದು, ಓಪನ್ ಆಗಿ ನಾಲ್ಕೇ ತಿಂಗಳಿಗೆ. ನಡುವಿನ ಅಂಕಣ 853 ಮೀಟರ್. ಗಾಳಿ ಗಂಟೆಗೆ 68 ಕಿಲೋಮೀಟರ್ ಸುಮಾರು. ಬೀಳುವ ಮೊದಲು ಅದು ನಿಮಿಷಕ್ಕೆ ಸುಮಾರು 12 ಸಲ ತಿರುಚಿಕೊಳ್ಳುತ್ತಿತ್ತು, ಅಂದರೆ ಐದು ಸೆಕೆಂಡಿಗೆ ಒಂದು ಸಲ. ಅಂಚಿನ ಗರ್ಡರ್ 2.4 ಮೀಟರ್ ಎತ್ತರ. ಆ ಗಾಳಿಗೆ, ಆ ಎತ್ತರಕ್ಕೆ ಗರ್ಡರ್ ಹಿಂದೆ ಗಾಳಿಯ ಸುಳಿಗಳು ಒಂದರ ಮೇಲೊಂದು ಬಿಡುವ ದರ ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂದರ ಹತ್ತಿರ ಬರುತ್ತದೆ. ಸೇತುವೆ ಅದಕ್ಕಿಂತ ಐದು ಪಟ್ಟು ನಿಧಾನ. ಮ್ಯಾಚ್ ಆಗಲೇ ಇಲ್ಲ. ತಿರುಚುವ ಚಲನೆಯಲ್ಲಿ ಗಾಳಿಯ ಡ್ಯಾಂಪಿಂಗ್ ಮೈನಸ್ ಆಗಿತ್ತು, ಅದಕ್ಕೆ ಬಿತ್ತು. ಬಿಲ್ಲಾ ಮತ್ತು ಸ್ಕ್ಯಾನ್ಲನ್ 1991ರಲ್ಲಿ ಪಠ್ಯಪುಸ್ತಕಗಳ ಈ ತಪ್ಪನ್ನೇ ಹಿಡಿದು ಒಂದು ಲೇಖನ ಬರೆದಿದ್ದಾರೆ.

ಸಂಖ್‌ನವರೇ, ನಿಮ್ಮ ಸೀನಿಯರ್ ಮಾತನ್ನೂ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಗಾಳಿ ಬ್ಲೇಡಿನ ಅಗಲಕ್ಕೆ ನೇರ ಹೊಡೆದರೆ ಹಿಂದೆ ಸುಳಿಗಳು ಸರದಿಯಂತೆ ಬಿಡುತ್ತವೆ. 2 ಮೀಟರ್ ಅಗಲ, 20 ಮೀಟರ್ ಗಾಳಿ ಅಂದರೆ ಸೆಕೆಂಡಿಗೆ ಒಂದೂವರೆ ಸಲ. ಅದು ಬ್ಲೇಡಿನ ಸ್ವಂತ ಫ್ರೀಕ್ವೆನ್ಸಿಗೆ ಹತ್ತಿರವೇ. ಆಗ ಮ್ಯಾಚ್ ಅನ್ನುವ ಮಾತಿಗೆ ಅರ್ಥ ಇದೆ. ನಿಮ್ಮದು ಯಾವುದು ಅಂತ ತಿಳಿಯಲು ಮೂರು ವಿಷಯ ಬೇಕು: ಆ ಹೊತ್ತಿನ ಗಾಳಿ ವೇಗ, ಗಾಳಿಗೂ ನೆಸೆಲ್‌ಗೂ ಇದ್ದ ದಿಕ್ಕಿನ ವ್ಯತ್ಯಾಸ, ಬ್ಲೇಡ್ ಸೆಕೆಂಡಿಗೆ ಎಷ್ಟು ಸಲ ಆಡಿತು ಅನ್ನುವುದು. ಮೊಬೈಲ್‌ನಲ್ಲಿ ವಿಡಿಯೋ ಮಾಡಿದ್ದರೆ ಅದರಲ್ಲೇ ಎಣಿಸಬಹುದು.

ಹೊಸೂರು ಟರ್ಬೈನ್

ಪೆರ್ಲದವರು ಹೇಳಿದ್ದು ಓದಿ ಬರೆಯಬೇಕು ಅನಿಸಿತು. ನಾನು ಥರ್ಮಲ್ ಸ್ಟೇಷನ್‌ನಲ್ಲಿ ಟರ್ಬೈನ್ ಓವರ್‌ಹಾಲ್ ಮಾಡಿಕೊಂಡಿದ್ದವನು, ರಿಟೈರ್ ಆಗಿ ಹೊಸೂರಿನಲ್ಲಿದ್ದೇನೆ. ಸ್ಟೀಮ್ ಟರ್ಬೈನ್‌ನಲ್ಲೂ ಇದೇ ಕಥೆ ಇದೆ, ಆದರೆ ಅಲ್ಲಿ ಬ್ಲೇಡ್ ಒಂಟಿಯಲ್ಲ.

ಎಲ್‌ಪಿ (ಕಡಿಮೆ ಒತ್ತಡದ) ಟರ್ಬೈನ್‌ನ ಕೊನೆಯ ಸಾಲಿನ ಬ್ಲೇಡ್ ಬಹಳ ಉದ್ದ, ತೆಳ್ಳಗೆ. ಓವರ್‌ಹಾಲ್‌ಗೆ ರೋಟರ್ ಹೊರಗೆ ತೆಗೆದಾಗ ಒಂದೊಂದೇ ಬ್ಲೇಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಅದರ ಫ್ರೀಕ್ವೆನ್ಸಿ ಬರೆದುಕೊಳ್ಳುತ್ತೇವೆ. ಎನ್‌ಎಫ್‌ಟಿ, ಅಂದರೆ ನ್ಯಾಚುರಲ್ ಫ್ರೀಕ್ವೆನ್ಸಿ ಟೆಸ್ಟ್ ಅಂತೀವಿ. ರೋಟರ್ 3000 ಆರ್‌ಪಿಎಮ್, ಅಂದರೆ ಸೆಕೆಂಡಿಗೆ 50 ಸುತ್ತು. 50ರ ಮಡಿಯ ಹತ್ತಿರ ಯಾವ ಬ್ಲೇಡೂ ಇರಬಾರದು. ಇದು ರೆಸೊನೆನ್ಸ್ ತಪ್ಪಿಸುವ ಕೆಲಸ. ಎಷ್ಟು ಚೆನ್ನಾಗಿ ತಪ್ಪಿಸಿದರೂ ಫ್ಲಟರ್ ಬರಬಹುದು, ಅದಕ್ಕೆ 50ರ ಲೆಕ್ಕ ಬೇಕಿಲ್ಲ. ಲೋಡ್ ತೀರಾ ಕಡಿಮೆ ಇದ್ದು ಕಂಡೆನ್ಸರ್ ವ್ಯಾಕ್ಯೂಮ್ ಕೆಟ್ಟರೆ ಕೊನೆಯ ಸಾಲಿಗೆ ಸ್ಟೀಮ್ ತಪ್ಪು ಕೋನದಲ್ಲಿ ಬರುತ್ತದೆ, ಸ್ಟಾಲ್ ಆಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಕಡಿಮೆ ಲೋಡಿನಲ್ಲಿ ಬ್ಯಾಕ್ ಪ್ರೆಶರ್‌ಗೆ (ಕಂಡೆನ್ಸರ್ ಒಳಗಿನ ಒತ್ತಡಕ್ಕೆ) ಲಿಮಿಟ್ ಹಾಕಿರುವ ಕಾರಣಗಳಲ್ಲಿ ಇದೂ ಒಂದು. ಹೊಸ ಆಪರೇಟರ್‌ಗಳಿಗೆ ಈ ಕಾರಣ ಹೇಳಿಕೊಡುವುದು ನನಗೆ ಬಹಳ ಮುಖ್ಯ ಅನಿಸುತ್ತಿತ್ತು. ಕಾರಣ ಗೊತ್ತಿದ್ದವರು ಆ ಲಿಮಿಟ್ ದಾಟುವುದಿಲ್ಲ.

ಇಲ್ಲಿ ಬ್ಲೇಡ್‌ಗಳ ನಡುವೆ ಜಾಗವೇ ಇಲ್ಲ. ಒಂದು ಆಡಿದರೆ ಪಕ್ಕದ ಎರಡಕ್ಕೂ ಹರಿವು ಬದಲಾಗುತ್ತದೆ. ಹಾಗಾಗಿ ಸಾಲು ಪೂರ್ತಿ ಅಲೆಯ ಹಾಗೆ ಆಡುತ್ತದೆ, ಒಂದು ಬ್ಲೇಡಿಗೂ ಮುಂದಿನದಕ್ಕೂ ಒಂದು ನಿಶ್ಚಿತ ಫೇಸ್ ವ್ಯತ್ಯಾಸ, ಅಂದರೆ ತೂಗಿನಲ್ಲಿ ಒಂದು ಇನ್ನೊಂದಕ್ಕಿಂತ ಎಷ್ಟು ಹಿಂದೆ ಮುಂದೆ ಅನ್ನುವುದು. ಆ ಫೇಸ್ ಒಂದಿದ್ದರೆ ಡ್ಯಾಂಪಿಂಗ್ ಪ್ಲಸ್, ಇನ್ನೊಂದಿದ್ದರೆ ಮೈನಸ್. ಅದೇ ಬ್ಲೇಡ್, ಅದೇ ಸ್ಟೀಮ್. ಇದನ್ನು ಮುರಿಯಲು ಬ್ಲೇಡ್‌ಗಳ ಫ್ರೀಕ್ವೆನ್ಸಿಯಲ್ಲಿ ಒಂದೆರಡು ಪರ್ಸೆಂಟ್ ಹೆಚ್ಚು ಕಡಿಮೆ ಇಡುವುದೂ ಉಂಟು. ಅಲೆ ಕೂಡಿಬರುವುದಿಲ್ಲ. ಬ್ಲೇಡ್‌ಗಳ ಮಧ್ಯೆ ಲೇಸಿಂಗ್ ವೈರ್ (ಬ್ಲೇಡ್‌ಗಳನ್ನು ಪೋಣಿಸುವ ತಂತಿ) ಹಾಕಿದರೆ ಒಂದಕ್ಕೊಂದು ಹಿಡಿತ ಸಿಗುತ್ತದೆ, ತಿಕ್ಕಾಟದಿಂದ ಡ್ಯಾಂಪಿಂಗೂ ಸಿಗುತ್ತದೆ.

ನನ್ನ ಪ್ರಶ್ನೆ: ವಿಂಡ್‌ಮಿಲ್‌ನ ಮೂರು ಬ್ಲೇಡ್‌ಗೂ ಹೀಗೆ ಒಂದರಿಂದ ಒಂದಕ್ಕೆ ಗಾಳಿಯ ಸಂಬಂಧ ಇರುತ್ತದಾ?

ಪೆರ್ಲ ತೋಟ, ಕಾಸರಗೋಡು

ಹೊಸೂರಿನವರೇ, ಒಳ್ಳೆಯ ಮಾತು ಸೇರಿಸಿದಿರಿ. ವಿಂಡ್‌ಮಿಲ್‌ನಲ್ಲಿ ಗಾಳಿಯ ಮೂಲಕ ಆ ಸಂಬಂಧ ಇಲ್ಲ ಅಂತಲೇ ಹೇಳಬಹುದು. ಬ್ಲೇಡಿನ ಅಗಲಕ್ಕೆ ಹೋಲಿಸಿದರೆ ಬ್ಲೇಡ್‌ಗಳ ನಡುವಿನ ಅಂತರ ಬಹಳ ದೊಡ್ಡದು. ಸಂಬಂಧ ಇರುವುದು ಹಬ್, ಶಾಫ್ಟ್, ಟವರ್ ಮೂಲಕ. ಸಂಖ್‌ನವರ ಕೈಗೆ ಏಣಿಯಲ್ಲಿ ನಡುಕ ಸಿಕ್ಕಿತಲ್ಲ, ಆ ದಾರಿ.

ಫ್ರೀಕ್ವೆನ್ಸಿ ಹೆಚ್ಚು ಕಡಿಮೆ ಇಡುವ ವಿಷಯಕ್ಕೆ ಒಂದು ಎಚ್ಚರಿಕೆ. ಫ್ಲಟರ್‌ಗೆ ಅದು ಒಳ್ಳೆಯದು. ಆದರೆ ಹೊರಗಿನಿಂದ ಬರುವ ಬಡಿತಕ್ಕೆ ಅದೇ ವ್ಯತ್ಯಾಸದಿಂದ ಒಂದೇ ಬ್ಲೇಡಿನಲ್ಲಿ ಶಕ್ತಿ ಸೇರಿಕೊಂಡು ಅದು ಉಳಿದವಕ್ಕಿಂತ ಜಾಸ್ತಿ ಆಡಬಹುದು. ಎರಡನ್ನೂ ತೂಗಿ ನೋಡಬೇಕು.

ತಾಳವಾಡಿ ಮೆಕ್ಯಾನಿಕಲ್

ಅಕ್ಕಾ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನಮಗೆ ಫ್ಲಟರ್ ಅಂದರೆ ಬಾಗುವುದು, ತಿರುಚುವುದು ಎರಡೂ ಸೇರಬೇಕು ಅಂತ ಹೇಳಿದ್ದಾರೆ. ನೀವು ಹೇಳಿದ್ದರಲ್ಲಿ ತಿರುಚುವುದೇ ಬರಲಿಲ್ಲ. ಹಾಗಾದರೆ ಇದನ್ನು ಫ್ಲಟರ್ ಅನ್ನಬಹುದಾ?

ಪೆರ್ಲ ತೋಟ, ಕಾಸರಗೋಡು

ತಂಗೀ, ನಿಮ್ಮ ಮೇಷ್ಟ್ರು ಹೇಳಿದ್ದು ಕ್ಲಾಸಿಕಲ್ ಫ್ಲಟರ್. ಅದಕ್ಕೆ ಸ್ಟಾಲ್ ಬೇಕಿಲ್ಲ, ಗಾಳಿ ಚೆನ್ನಾಗಿ ಅಂಟಿಕೊಂಡಿದ್ದರೂ ಬರುತ್ತದೆ. ರೆಕ್ಕೆ ಮೇಲೆ ಹೋಗುವಾಗ ತಿರುಚಿಕೊಂಡು ಮೂಗು ಎತ್ತಿದ್ದರೆ ಲಿಫ್ಟ್ ಮೇಲಕ್ಕೆ, ಅಂದರೆ ಗಾಳಿ ಕೊಡುತ್ತಿದೆ. ಕೆಳಗೆ ಬರುವಾಗ ಮೂಗು ಇಳಿದಿದ್ದರೆ ಆಗಲೂ ಕೊಡುತ್ತಿದೆ. ತಿರುಚು ಮತ್ತು ಬಾಗು ಒಂದೇ ಹೊತ್ತಿಗೆ ತುದಿ ಮುಟ್ಟಿದರೆ ಮೇಲೆ ಹೋಗುವಾಗ ಕೊಟ್ಟದ್ದನ್ನು ಕೆಳಗೆ ಬರುವಾಗ ಗಾಳಿ ವಾಪಸ್ ಪಡೆಯುತ್ತದೆ. ತಿರುಚು ಕಾಲು ಸುತ್ತು ಮುಂದಿದ್ದರೆ ಅತಿ ಹೆಚ್ಚು ಶಕ್ತಿ ಒಳಗೆ ಬರುತ್ತದೆ. ಅದಕ್ಕೆ ಎರಡೂ ಚಲನೆ ಒಂದೇ ಫ್ರೀಕ್ವೆನ್ಸಿಯಲ್ಲಿ ಆಡಬೇಕು. ವಿಮಾನದ ವೇಗ ಏರಿದಂತೆ ಗಾಳಿಯೇ ಎರಡರ ಫ್ರೀಕ್ವೆನ್ಸಿಯನ್ನು ಹತ್ತಿರ ಎಳೆದು ತರುತ್ತದೆ. ಥಿಯೋಡೊರ್ಸೆನ್ 1935ರಲ್ಲಿ ಇದಕ್ಕೆ ಪೂರ್ತಿ ಗಣಿತ ಕೊಟ್ಟರು. ನಾವು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತೇವೆ.

ರೆಕ್ಕೆಯ ತೂಕದ ಕೇಂದ್ರ ಅದು ತಿರುಚುವ ಅಕ್ಷಕ್ಕಿಂತ ಹಿಂದೆ ಇದ್ದರೆ ಬಾಗುವಾಗ ತಾನೇ ತಿರುಚಿಕೊಳ್ಳುತ್ತದೆ. ಅದಕ್ಕೆ ಮುಂಭಾಗದಲ್ಲಿ ತೂಕ ಇಟ್ಟು ಕೇಂದ್ರವನ್ನು ಮುಂದೆ ತರುತ್ತಾರೆ. ಮೊದಲ ದಾಖಲೆಯಾದ ಪ್ರಕರಣಗಳಲ್ಲಿ ಒಂದು 1916ರದ್ದು, ಬ್ರಿಟನ್‌ನ ಹ್ಯಾಂಡ್ಲಿ ಪೇಜ್ ಬಾಂಬರ್. ಬಾಲದ ಎಡ, ಬಲ ಎಲಿವೇಟರ್‌ಗಳು (ವಿಮಾನದ ಮೂಗು ಏರಿಸಿ ಇಳಿಸುವ ಪಟ್ಟಿಗಳು) ಒಂದಕ್ಕೊಂದು ಎದುರಾಗಿ ಆಡಿ ವಿಮಾನದ ಮೈಯನ್ನೇ ತಿರುಚುತ್ತಿದ್ದವು. ಲ್ಯಾಂಚೆಸ್ಟರ್ ಅದನ್ನು ಅಭ್ಯಾಸ ಮಾಡಿ, ಎರಡು ಎಲಿವೇಟರ್‌ಗಳನ್ನೂ ಒಂದು ಗಟ್ಟಿ ಕೊಳವೆಯಿಂದ ಸೇರಿಸಲು ಹೇಳಿದರು.

ನಮ್ಮ ಲ್ಯಾಬಿನಲ್ಲಿ ಮೊದಲ ಕೆಲಸ ಯಾವಾಗಲೂ ನೆಲದ ಮೇಲಿನ ಪರೀಕ್ಷೆ. ರೆಕ್ಕೆಯ ಉದ್ದಕ್ಕೂ ಕಂಪನ ಅಳೆಯುವ ಆಕ್ಸಿಲರೋಮೀಟರ್‌ಗಳನ್ನು ಜೇನುಮೇಣದಲ್ಲಿ ಅಂಟಿಸುತ್ತಿದ್ದೆವು. ಬೆರಳಲ್ಲಿ ನಾದಿ ಮೆತ್ತಗೆ ಮಾಡಿ, ತೆಳ್ಳಗೆ ಒತ್ತಬೇಕು. ಮೇಣ ದಪ್ಪ ಆದರೆ ಅದೇ ಸ್ಪ್ರಿಂಗ್ ಆಗಿ ಅಳತೆ ಕೆಡುತ್ತದೆ. ಶೇಕರ್‌ನಿಂದ ಮೆಲ್ಲಗೆ ಅಲ್ಲಾಡಿಸಿ ಬಾಗುವ, ತಿರುಚುವ ಫ್ರೀಕ್ವೆನ್ಸಿ, ಡ್ಯಾಂಪಿಂಗ್ ಎಲ್ಲ ಬರೆದುಕೊಂಡ ಮೇಲೇ ಹಾರಾಟದ ಮಾತು. ಹಾರಾಟದಲ್ಲಿ ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಮೆಟ್ಟಿಲಲ್ಲೂ ಡ್ಯಾಂಪಿಂಗ್ ಅಳೆಯುತ್ತಾರೆ. ಅದು ಇಳಿಯುವ ದಾರಿ ಹಿಡಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಶೂನ್ಯ ಮುಟ್ಟುವವರೆಗೆ ಯಾರೂ ಹೋಗುವುದಿಲ್ಲ.

ಸಂಖ್‌ನವರ 40 ಮೀಟರ್ ಬ್ಲೇಡಿಗೆ ತಿರುಚುವ ಫ್ರೀಕ್ವೆನ್ಸಿ ಬಾಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ನಿಂತಿರುವಾಗ ಎರಡೂ ಸೇರುವ ಮಾತಿಲ್ಲ. 100 ಮೀಟರ್ ದಾಟಿದ ಈಗಿನ ಬ್ಲೇಡ್‌ಗಳಲ್ಲಿ ಮಾತ್ರ ಡಿಸೈನ್ ಮಾಡುವವರು ಕ್ಲಾಸಿಕಲ್ ಫ್ಲಟರನ್ನೂ ಗಂಭೀರವಾಗಿ ನೋಡಬೇಕಾಗಿದೆ. ಇಲ್ಲಿ ಆಗಿದ್ದನ್ನು ಸ್ಟಾಲ್ ಫ್ಲಟರ್ ಜಾತಿಗೆ ಸೇರಿಸಬಹುದು.

ಸಂಖ್ ಟವರ್, ಜತ್ತ ತಾಲೂಕು

ಅಕ್ಕಾ, ನೀವು ಬರೆದದ್ದನ್ನು ಪ್ರಿಂಟ್ ತೆಗೆದು ಸೈಟ್ ಆಫೀಸಿನಲ್ಲಿ ಓದಿದೆವು. 10 ಕೆಜಿ, 35 ಗ್ರಾಂ ಲೆಕ್ಕ ನಮ್ಮ ಹುಡುಗರಿಗೆಲ್ಲ ತಟ್ಟನೆ ಹಿಡಿಸಿತು.

ನೀವು ಕೇಳಿದ ವಿವರ. ಗೆಳೆಯನ ಮೊಬೈಲ್‌ನಲ್ಲಿ ವಿಡಿಯೋ ಇತ್ತು. ಟವರ್ ಅಂಚನ್ನು ಗೆರೆ ಅಂತ ಇಟ್ಟುಕೊಂಡು ಎಣಿಸಿದೆವು, ಹತ್ತು ಸೆಕೆಂಡಿಗೆ 17 ಸಲ. ಯುಪಿಎಸ್ ಇದ್ದದ್ದಕ್ಕೆ ಸ್ಕಾಡಾದಲ್ಲಿ (ಮಶೀನಿನ ಅಳತೆ ದಾಖಲಿಸುವ ಕಂಪ್ಯೂಟರ್) ಗಾಳಿ ಸಿಕ್ಕಿತು: ಸೆಕೆಂಡಿಗೆ 18 ಮೀಟರ್, ಬೀಸಿದಾಗ ಇನ್ನೂ ಜಾಸ್ತಿ. ನೆಸೆಲ್‌ಗೂ ಗಾಳಿಗೂ 30 ಡಿಗ್ರಿ ವ್ಯತ್ಯಾಸ. ಆಮೇಲೆ ಲೈನ್ ಬಂದು ಯಾ ತಿರುಗಿದ ಕೂಡಲೇ ನಡುಕ ನಿಂತಿತು. ಗಾಳಿ ಕಡಿಮೆ ಆಗಿರಲಿಲ್ಲ. ಇನ್ನೊಂದು ವಿಷಯ, ರೋಟರ್ ಬ್ರೇಕ್ ಹಾಕಿಯೇ ಇತ್ತು. ಮುಂದೆ ನಾವು ಏನು ಮಾಡಬೇಕು?

ಪೆರ್ಲ ತೋಟ, ಕಾಸರಗೋಡು

ಸೊಗಸಾದ ಅಳತೆ. ಸೆಕೆಂಡಿಗೆ 1.7. ಸುಳಿಯ ಲೆಕ್ಕ ನೋಡೋಣ. ಒಂದೂವರೆ ಮೀಟರ್ ಅಗಲದ ಬ್ಲೇಡ್ 30 ಡಿಗ್ರಿ ಓರೆಯಾದರೆ ಗಾಳಿಗೆ ಅಡ್ಡ ಕಾಣುವುದು ಮುಕ್ಕಾಲು ಮೀಟರ್. 18 ಮೀಟರ್ ಗಾಳಿಗೆ ಸುಳಿ ಸೆಕೆಂಡಿಗೆ ನಾಲ್ಕರ ಹತ್ತಿರ ಬರುತ್ತದೆ. 1.7ಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾಲದ್ದಕ್ಕೆ ಗಾಳಿ ಏರಿದಂತೆ ನಡುಕವೂ ಏರಿತು, ಸುಳಿಯಾಗಿದ್ದರೆ ಒಂದು ವೇಗ ದಾಟಿದ ಮೇಲೆ ಇಳಿಯಬೇಕಿತ್ತು. ಗಾಳಿ ಅಷ್ಟೇ ಇದ್ದರೂ ಯಾ ತಿರುಗಿದಾಗ ನಿಂತಿತು ಅಂದ ಮೇಲೆ ನನಗೆ ಅನುಮಾನ ಉಳಿದಿಲ್ಲ. ಸ್ಟಾಲ್‌ನಿಂದ ಡ್ಯಾಂಪಿಂಗ್ ಮೈನಸ್ ಆಗಿದೆ.

ಇದು ನಿಮ್ಮ ಒಂದು ಮಶೀನಿನ ರೋಗ ಅಲ್ಲ. 1990ರ ದಶಕದಲ್ಲಿ ಪಿಚ್ ಇಲ್ಲದ, ಸ್ಟಾಲ್‌ನಿಂದಲೇ ಪವರ್ ತಡೆಯುವ ಮಶೀನ್‌ಗಳು ಓಡುತ್ತಿರುವಾಗಲೇ ಹೀಗೆ ಅಂಚಿನ ದಿಕ್ಕಿಗೆ ನಡುಗಿದವು. ಕೆಲವು ಬ್ಲೇಡ್‌ಗಳ ಒಳಗೆ ಡ್ಯಾಂಪರ್ ಕೂರಿಸಿದರು, ಕೆಲವಕ್ಕೆ ಮುಂದಿನ ಅಂಚಿನಲ್ಲಿ ಸ್ಟಾಲ್ ಸ್ಟ್ರಿಪ್ (ಹರಿವನ್ನು ಬದಲಿಸುವ ಸಣ್ಣ ಪಟ್ಟಿ) ಅಂಟಿಸಿದರು. ವಿಂಡ್‌ಮಿಲ್ ಡಿಸೈನಿನ ಅಂತರರಾಷ್ಟ್ರೀಯ ಐಇಸಿ 61400-1 ಸ್ಟ್ಯಾಂಡರ್ಡ್‌ನಲ್ಲೂ ಇದಕ್ಕೆ ಜಾಗ ಇದೆ. ಗ್ರಿಡ್ ಹೋಗಿ ಮಶೀನ್ ನಿಂತಾಗ ಯಾ ಮೋಟರಿಗೆ ಬ್ಯಾಕಪ್ ಇಲ್ಲದಿದ್ದರೆ, ಗಾಳಿ ಯಾವ ದಿಕ್ಕಿನಿಂದ ಬಂದರೂ ಅಂತ ಇಟ್ಟುಕೊಂಡೇ ಡಿಸೈನ್ ಲೆಕ್ಕ ಹಾಕಬೇಕು.

ಬ್ರೇಕಿನ ವಿಷಯ ಮುಖ್ಯ. ಬ್ರೇಕ್ ಹಾಕಿದರೆ ಒಂದೇ ಬ್ಲೇಡ್ ಗಂಟೆಗಟ್ಟಲೆ ಕೆಟ್ಟ ಕೋನದಲ್ಲೇ ನಿಲ್ಲುತ್ತದೆ. ರೋಟರ್ ಬಿಟ್ಟರೆ ಫೆದರ್‌ನಲ್ಲೇ ನಿಧಾನ ತಿರುಗುತ್ತಿರುತ್ತದೆ, ಯಾವ ಬ್ಲೇಡೂ ಬಹಳ ಹೊತ್ತು ಆ ಕೋನದಲ್ಲಿ ಉಳಿಯುವುದಿಲ್ಲ, ನಡುಕ ಬೆಳೆಯಲು ಪುರುಸೊತ್ತು ಸಿಗುವುದು ಕಡಿಮೆ. ಆದರೆ ಇದನ್ನು ನೀವೇ ನಿರ್ಧಾರ ಮಾಡಬೇಡಿ. ಒಳಗೆ ಜನ ಇದ್ದರೆ ರೋಟರ್ ಲಾಕ್ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಂಪನಿಗೆ ವಿಡಿಯೋ, ಗಾಳಿ, ದಿಕ್ಕಿನ ವ್ಯತ್ಯಾಸ, 1.7 ಎಲ್ಲ ಸೇರಿಸಿ ಬರೆದು ಎರಡು ವಿಷಯ ಕೇಳಿ. ಗ್ರಿಡ್ ಹೋದಾಗ ಬ್ರೇಕ್ ಬಿಟ್ಟಿರಬಹುದಾ? ಯಾ ಮೋಟರಿಗೆ ಬ್ಯಾಕಪ್ ಪವರ್ ಕೊಡಲು ಆಗುತ್ತದಾ? ನಡುಗುತ್ತಿರುವಾಗ ಯಾರೂ ಟವರ್ ಹತ್ತಬೇಡಿ, ಕೆಳಗೂ ನಿಲ್ಲಬೇಡಿ. ಮುರಿಯುತ್ತದೆ ಅಂದವರ ಭಯದಲ್ಲಿ ಅರ್ಥ ಇದೆ. ಒಂದೇ ದಿನಕ್ಕೆ ಮುರಿಯುವುದು ಅಪರೂಪ. ಆದರೆ ಸೆಕೆಂಡಿಗೆ 1.7 ಅಂದರೆ ಗಂಟೆಗೆ ಆರು ಸಾವಿರದ ಮೇಲೆ ತೂಗು. ಬ್ಲೇಡಿನ ಎರಡು ಹೋಳುಗಳನ್ನು ಹಿಂದಿನ ಅಂಚಿನಲ್ಲಿ ಹಿಡಿದಿರುವ ಅಂಟನ್ನು ಪ್ರತಿ ತೂಗೂ ಒಮ್ಮೆ ಎಳೆಯುತ್ತದೆ, ಒಮ್ಮೆ ಸಡಿಲಿಸುತ್ತದೆ.

ಹಾಗಾಗಿ ಗಾಳಿ ಇಳಿದ ಮೇಲೆ ಆ ಬ್ಲೇಡನ್ನು ರೋಪ್ ಟೀಮ್ ಕರೆಸಿ ನೋಡಿಸಿ. ಬ್ಲೇಡ್ ಅತಿ ಅಗಲ ಇರುವ ಜಾಗದಿಂದ ಬುಡದ ಕಡೆಗೆ, ಹಿಂದಿನ ಅಂಚಿನ ಉದ್ದಕ್ಕೂ. ಒಳಗಿನಿಂದ ಹೋಗುವಷ್ಟು ದೂರ ಹೋಗಿ ಅಂಟಿನ ಗೆರೆಗೆ ಟಾರ್ಚ್ ಹಿಡಿಯಲಿ. ಹೊರಗಿನಿಂದ ನಾಣ್ಯ ಅಥವಾ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋಗಲಿ, ಬಿಟ್ಟುಕೊಂಡ ಜಾಗದಲ್ಲಿ ಸದ್ದು ಪೊಳ್ಳಾಗಿ ಬರುತ್ತದೆ. ಬಿರುಕು ಸಿಕ್ಕಿದರೆ ಎರಡೂ ತುದಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದು ಫೋಟೋ ತೆಗೆಯಲಿ. ಬಿರುಕು ಸಿಕ್ಕ ಬ್ಲೇಡನ್ನು ರಿಪೇರಿ ಟೀಮ್ ನೋಡಿ ಹೇಳುವವರೆಗೆ ಓಡಿಸಬೇಡಿ.